ಚೀಟಿ ಕಟ್ಟಿದ ಕೋವಿ

ದುಬೈಯ ಅಲ್ ಬರ್ಷಾದ ನಮ್ಮ ಫ್ಲಾಟಿಗೆ ನೀವು ಬಂದರೆ ಸೋಫಾದ ಮೇಲಿನ ಗೋಡೆಯಲ್ಲಿ ಎರಡು ಹಿತ್ತಾಳೆ ಕೊಕ್ಕೆಗಳು ಕಾಣುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಸರಿಯಾಗಿ ಮೂರಡಿ ಅಂತರ, ನಡುವೆ ಏನೂ ಇಲ್ಲ. ಬಂದವರು ಚಾ ಕುಡಿಯುತ್ತಾರೆ, ಮಕ್ಕಳ ಶಾಲೆ ವಿಚಾರಿಸುತ್ತಾರೆ, ಬಾಡಿಗೆ ಏರಿದ್ದಕ್ಕೆ ಒಟ್ಟಿಗೆ ನಿಟ್ಟುಸಿರು ಬಿಡುತ್ತೇವೆ, ಕೊನೆಗೆ ಅವರ ಕಣ್ಣು ಅಲ್ಲಿಗೇ ಹೋಗುತ್ತದೆ. "ಪರದೆಗೆ ಹಾಕಿಸಿದ್ದು" ಎಂದು ಒಬ್ಬರಿಗೆ ಹೇಳಿದ್ದೆ. ಕಿಟಕಿಯೇ ಇಲ್ಲದ ಗೋಡೆಗೆ ಯಾಕೆ ಪರದೆ ಎಂದು ಅವರು ಕೇಳಲಿಲ್ಲ, ಒಳ್ಳೆಯ ಜನ. ಈಗ ನನ್ನ ಮಗಳು ಶರಲ್ ಒಂದು ಕೊಕ್ಕೆಗೆ ಬ್ಯಾಡ್ಮಿಂಟನ್ ರಾಕೆಟ್ ನೇತುಹಾಕುತ್ತಾಳೆ. ಹಾಕುವಾಗೆಲ್ಲ ನನ್ನನ್ನು ನೋಡಿ ನಗುತ್ತಾಳೆ.

ನಿಮ್ಮ ಹತ್ತಿರ ಮುಚ್ಚಿಡುವುದು ಏನಿದೆ. ಆ ಕೊಕ್ಕೆ ಹಾಕಿಸಿದ್ದು ಒಂದು ಕೋವಿ ತೂಗುಹಾಕುವುದಕ್ಕೆ. ಬಿಲ್ಡಿಂಗಿನ ನಾತೂರ್, ಅಂದರೆ ಕಾವಲಿನವ, ಗೋಡೆಗೆ ತೂತು ಕೊರೆಯುವಾಗ "ಮೇಡಂ, ಟಿವಿಗೆ ಇದು ಸಾಲದು" ಎಂದಿದ್ದ. ಟಿವಿಯಲ್ಲ, ಅದಕ್ಕಿಂತ ದೊಡ್ಡ ವಿಷಯ ಎಂದು ನಾನು ಗತ್ತಿನಿಂದ ನಿಂತಿದ್ದೆ.

ನಾನು ಕ್ಲಿನಿಕ್ಕೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನವಿಡೀ ರಕ್ತದ ಟ್ಯೂಬುಗಳ ಲೇಬಲ್ ಓದುವುದು, ಹೆಸರು ಸರಿಯಿದೆಯೇ ಎಂದು ಎರಡೆರಡು ಸಲ ನೋಡುವುದು ನನ್ನ ಉದ್ಯೋಗ. ಇಂಥವಳಿಗೆ ಕೋವಿಯ ಹುಚ್ಚು ಎಲ್ಲಿಂದ ಎಂದು ಕೇಳಿದರೆ ನಮ್ಮ ಪಪ್ಪನ ಕಡೆ ಬೆರಳು ತೋರಿಸಬೇಕು.

ಕಾರ್ಕಳದ ಕಡೆಯ ನಮ್ಮ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಟ್ಟದ್ದು. ಬಾಯಿಯಿಂದ ಮದ್ದು ತುಂಬಿ, ಗಜ ಎನ್ನುವ ಕಬ್ಬಿಣದ ಕಡ್ಡಿಯಲ್ಲಿ ಜಡಿದು, ಕಿಡಿ ಹೊತ್ತಿಸುವ ಪುಟ್ಟ ಕೇಪು ಇಟ್ಟು ಹೊಡೆಯುವ ಒಂಟಿ ನಳಿಗೆಯ ಕೋವಿ. ಅಷ್ಟೆಲ್ಲ ಮುಗಿಯುವ ಹೊತ್ತಿಗೆ ಕಾಡುಹಂದಿ ಗೆಣಸು ತಿಂದು, ತೇಗಿ, ಮನೆ ಸೇರಿರುತ್ತಿತ್ತು. ನಾನು ಕಂಡಂತೆ ಪಪ್ಪ ಒಂದು ಹಂದಿಯನ್ನೂ ಹೊಡೆದವರಲ್ಲ. ಆದರೆ ಈಡು ಬಿಟ್ಟ ಸದ್ದು ಗುಡ್ಡದಾಚೆಗೂ ಕೇಳಿ, ಮರುದಿನ ಯಾರಾದರೂ "ನಿನ್ನೆ ಎಂತ ಬಿತ್ತು ಪೊರ್ಬುಗಳೇ?" ಎಂದು, ಊರವರು ನಮ್ಮ ಕ್ರೈಸ್ತರನ್ನು ಕರೆಯುವ ಹೆಸರಲ್ಲಿ, ಕೇಳಿದರೆ ಪಪ್ಪ ಉತ್ತರ ಕೊಡದೆ ಮೀಸೆ ತಿರುವುತ್ತಿದ್ದರು. ಆ ಮೀಸೆಯ ಕೆಳಗೆ ಎಷ್ಟು ಹಂದಿಗಳು ಬದುಕಿ ಉಳಿದಿವೆ ಎಂಬುದು ನಮಗೆ ಮಾತ್ರ ಗೊತ್ತಿತ್ತು.

ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದರೆ ಕೋವಿಯ ಸ್ನಾನ. ಅಮ್ಮನ ಹೊಲಿಗೆ ಮೆಷಿನ್ನಿನ ಎಣ್ಣೆ ಅದಕ್ಕೆ ಖರ್ಚಾಗುತ್ತಿತ್ತು. ಅಮ್ಮ ಬೈಯುತ್ತಿದ್ದರು, ಪಪ್ಪ ಉಜ್ಜುತ್ತಿದ್ದರು, ಬಟ್ಟೆಯ ಚೂರು ಹಿಡಿದು ಪಕ್ಕದಲ್ಲಿ ಕೂರುವುದು ನಾನು. ಅಣ್ಣನಿಗೆ ಆ ಕೆಲಸ ಬೇಡವಾಗಿತ್ತು. ಎಣ್ಣೆ, ಕಬ್ಬಿಣ, ಸುಟ್ಟ ಮದ್ದಿನ ಆ ವಾಸನೆ ನನಗೆ ಮಲ್ಲಿಗೆಗಿಂತ ಇಷ್ಟ. ಮದುವೆಯ ಹೊಸತರಲ್ಲಿ ಇದನ್ನು ಗಂಡ ಐವನ್‌ಗೆ ಹೇಳಿದಾಗ ಆತ ಸ್ವಲ್ಪ ದೂರ ಸರಿದು ಕೂತದ್ದು ನೆನಪಿದೆ.

ನಮ್ಮ ಕಡೆ ಕೋವಿ ಇದ್ದವರಿಗೆ ಎಲೆಕ್ಷನ್ ಬಂತೆಂದರೆ ಒಂದು ಕೆಲಸ ಹೆಚ್ಚು. ಲೈಸೆನ್ಸಿನ ಕೋವಿಯನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಡಿಪಾಸಿಟ್ ಇಡಬೇಕು. ಮತ ಎಣಿಸಿ, ಗೆದ್ದವರು ಗೆದ್ದು, ಸೋತವರು ಅತ್ತಾದ ಮೇಲೆ ರಶೀದಿ ತೋರಿಸಿ ಬಿಡಿಸಿಕೊಳ್ಳಬೇಕು. ಪಪ್ಪ ಬಿಳಿ ಅಂಗಿ ಹಾಕಿ, ಕೋವಿಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಹೊರಡುತ್ತಿದ್ದರು. ನಾನೂ ಹಠ ಹಿಡಿದು ಹೋಗುತ್ತಿದ್ದೆ. ಠಾಣೆಯ ಬೆಂಚಿನ ಮೇಲೆ ಊರ ಕೋವಿಗಳೆಲ್ಲ ಸಾಲಾಗಿ ಮಲಗಿರುತ್ತಿದ್ದವು. ಪೇದೆಯೊಬ್ಬರು ರಟ್ಟಿನ ಚೀಟಿಯಲ್ಲಿ ಹೆಸರು, ನಂಬರು ಬರೆದು, ಸೆಣಬಿನ ಹುರಿಯಲ್ಲಿ ಕೋವಿಯ ಕುದುರೆಯ, ಅಂದರೆ ಬೆರಳಲ್ಲಿ ಎಳೆಯುವ ಭಾಗದ, ಹತ್ತಿರ ಕಟ್ಟುತ್ತಿದ್ದರು. ವಾಪಸ್ ಕೊಡುವಾಗ ಹುರಿ ಕತ್ತರಿಸಿ ಚೀಟಿಯನ್ನು ಫೈಲಿಗೆ ಸೇರಿಸುತ್ತಿದ್ದರು. ನನಗೆ ಆ ಚೀಟಿ ಬೇಕಿತ್ತು. ಒಮ್ಮೆ ಕೇಳಿಯೂ ಬಿಟ್ಟೆ. "ಚೀಟಿ ಸರಕಾರದ್ದು ಮಗಾ, ಕೋವಿ ಮಾತ್ರ ನಿಮ್ಮಪ್ಪಂದು" ಎಂದು ಅವರು ನಕ್ಕಿದ್ದರು. ಈ ಮಾತು ನಾನು ಮರೆಯದೆ ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆ ಕೋವಿ ಈಗಿಲ್ಲ. ಹನ್ನೆರಡು ವರ್ಷದ ಹಿಂದೆ ಶರಲ್ ಹುಟ್ಟುವಾಗ ಅಮ್ಮ ತೀರಿಕೊಂಡು ವರ್ಷವೂ ಆಗಿರಲಿಲ್ಲ. ನಾನು ಫೋನಿನಲ್ಲಿ ಅತ್ತೆ. ಮೂರನೇ ದಿನ ಪಪ್ಪ ವಿಸಿಟ್ ವೀಸಾಕ್ಕೆ ಪಾಸ್‌ಪೋರ್ಟಿನ ಫೋಟೋ ಕಳಿಸಿದರು. ಊರಲ್ಲಿ ಎಲೆಕ್ಷನ್ ಸಮಯ. ಕೋವಿ ಠಾಣೆಯಲ್ಲಿಟ್ಟು ಬಂದವರು ಮೂರು ತಿಂಗಳು ಇದ್ದು, ಮಗುವಿಗೆ ಎಣ್ಣೆ ತಿಕ್ಕಿ ಮೀಯಿಸುವುದನ್ನೂ ಕಲಿತರು. ಅಷ್ಟರಲ್ಲಿ ಲೈಸೆನ್ಸಿನ ಅವಧಿ ಮುಗಿದಿತ್ತು. "ಪಪ್ಪನ ಕೋವಿ ಹೋಯ್ತು ಮಾರಾಯ್ತಿ, ನೀನು ಕರೆದ ಗಡಿಬಿಡಿಯಲ್ಲಿ" ಎಂದು ಅಣ್ಣ ಆಮೇಲೆ ಫೋನಿನಲ್ಲಿ ಹೇಳಿದ. ಅವನು ತಮಾಷೆಗೇ ಹೇಳಿದ್ದು. ನನಗೆ ಅದು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಮಗ ಹುಟ್ಟುವಾಗ ಪಪ್ಪನನ್ನು ಕರೆಯಲಿಲ್ಲ. ಇನ್ನೇನು ಕಳೆದುಕೊಳ್ಳಲಿಕ್ಕಿದೆಯೋ ಎಂಬ ಹೆದರಿಕೆ. ಆಯಾ ಇಟ್ಟು ಸುಧಾರಿಸಿಕೊಂಡೆ.

ಈ ಸಲ ಮಾತ್ರ ಮಕ್ಕಳಿಬ್ಬರೂ ಹಟ ಮಾಡಿ ಅವರನ್ನು ಎರಡು ತಿಂಗಳಿಗೆ ಕರೆಸಿಕೊಂಡರು. ಎಪ್ಪತ್ನಾಲ್ಕು ವರ್ಷದ ಮನುಷ್ಯ. ಊರಲ್ಲಿ ಅಣ್ಣನ ಮನೆ ತುಂಬ ಜನ, ಅಲ್ಲೇನೂ ಕೊರತೆಯಿಲ್ಲ. ಕೊರತೆ ನನಗೆ. ಅವರು ಇಲ್ಲೇ ಉಳಿಯಬೇಕು ಎಂದು ನನಗೆ ಆಸೆ ಹತ್ತಿತು. ಆದರೆ ಕೇಳಲಿಕ್ಕೆ ಬಾಯಿ ಬರಲಿಲ್ಲ. ಅದರ ಬದಲು ಆಮಿಷ ಒಡ್ಡತೊಡಗಿದೆ. ಒಂದು ವಾರ ಮಾಲ್, ಒಂದು ವಾರ ಬರ್ ದುಬೈಯ ಅಬ್ರಾ ದೋಣಿ, ಒಂದು ವಾರ ಹೊಸ ಕುರ್ಚಿ. ಪಪ್ಪ ಕುರ್ಚಿಯಲ್ಲಿ ಕೂತು, "ಇಲ್ಲಿ ನನಗೆ ಎಂತ ಕೆಲಸ ಉಂಟು? ನೀರು ಹಾಕಿದ್ರೆ ಸಾಕಾ, ನಾನೆಂತ ಹೂವಿನ ಕುಂಡವಾ?" ಎಂದರು. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಕೊಂಕಣಿಯಲ್ಲಿ ಈ ಮಾತು ಇನ್ನೂ ಖಾರ.

ಆಗ ಹೊಳೆಯಿತು. ಗೋಡೆಯ ಮೇಲೆ ಒಂದು ಕೋವಿ ಬಂದರೆ? ಈಡು ಹೊಡೆಯುವುದಲ್ಲ, ನೋಡುವುದಕ್ಕೆ. ಭಾನುವಾರ ಭಾನುವಾರ ಎಣ್ಣೆ ಹಾಕಿ ಉಜ್ಜುವುದಕ್ಕೆ. ಹೋದ ಕೋವಿಯ ಋಣವೂ ತೀರಿತು, ಪಪ್ಪನಿಗೆ ಕೆಲಸವೂ ಆಯಿತು. ಈ ಉಪಾಯಕ್ಕೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಹಳೆ ವಸ್ತುಗಳನ್ನು ಹರಾಜು ಹಾಕುವ ಒಂದು ಆ್ಯಪ್ ನನ್ನ ಫೋನಿನಲ್ಲಿ ಮೊದಲೇ ಇತ್ತು. ಅಲ್ಲಿ ಒಂದು ಹಿತ್ತಾಳೆಯ ಕಾಫಿ ಕೂಜ ಗೆದ್ದ ಅನುಭವಸ್ಥೆ ನಾನು. ಆ್ಯಪಿನಲ್ಲಿ 'ನಿಮಗೇನು ಬೇಕು, ಬರೆಯಿರಿ' ಎಂಬ ಒಂದು ಜಾಗ ಇದೆ. ಕೇಪಿನ ಕೋವಿ, ನಮ್ಮ ಕರಾವಳಿಯದು, ಒಂಟಿ ನಳಿಗೆ, ಎಲೆಕ್ಷನ್‌ಗೆ ಠಾಣೆಯಲ್ಲಿಡುವಂಥದ್ದು ಎಂದು ತಾಲೂಕಿನ ಹೆಸರು ಸಮೇತ ಬರೆದೆ. ಯಾರು ಬೇಕಾದರೂ ಓದಬಹುದಾದ ಜಾಗ ಅದು. ದರ್ಜಿಗೆ ಅಳತೆ ಕೊಟ್ಟ ಹಾಗೆ ಕೊಟ್ಟೆ, ಅವನು ಅದೇ ಅಳತೆಗೆ ಹೊಲಿದ.

ಎರಡೇ ದಿನದಲ್ಲಿ ಆ್ಯಪಿನಲ್ಲಿ ಕೋವಿ ಹರಾಜಿಗೆ ಬಂತು. ಫೋಟೋ ತೆರೆದವಳು ಲ್ಯಾಬಿನ ಸ್ಟೂಲಿನಿಂದ ಎದ್ದೇ ನಿಂತೆ. ಅದೇ ನಳಿಗೆ, ಅದೇ ಗಜ, ಸವೆದು ನುಣುಪಾದ ಮರದ ಹಿಡಿ. ಎಲ್ಲಕ್ಕಿಂತ ಹೆಚ್ಚಾಗಿ, ಕುದುರೆಯ ಹತ್ತಿರ ಸೆಣಬಿನ ಹುರಿಯಲ್ಲಿ ಕಟ್ಟಿದ ರಟ್ಟಿನ ಚೀಟಿ. ಅದರಲ್ಲಿ ಮಸುಕಾಗಿ ಕನ್ನಡ ಅಕ್ಷರ. ಮರುಭೂಮಿಯ ನಡುವೆ, ಎಸಿಯ ಚಳಿಯಲ್ಲಿ, ನಮ್ಮೂರ ಪೇದೆಯ ಕೈಬರಹ. ಲೇಬಲ್ ಇದೆ ಎಂದ ಮೇಲೆ ಅಸಲಿ ಎಂದು ತೀರ್ಮಾನಿಸಿದೆ. ದಿನಾ ಸಾವಿರ ಲೇಬಲ್ ನೋಡುವವಳ ತೀರ್ಮಾನ ಅದು.

ಹರಾಜು ಮುಗಿಯುವುದು ಶನಿವಾರ ಹನ್ನೊಂದೂವರೆಗೆ. ಅದೇ ಹೊತ್ತಿಗೆ ನಾವು ಅಬುಧಾಬಿಯ ಅಲ್ ಮೀನಾದಲ್ಲಿ, ಮೀನು ಮಾರುಕಟ್ಟೆಯ ನಟ್ಟನಡುವೆ. ಅಲ್ಲಿಯ ಮೀನು ನೋಡಬೇಕೆಂದು ಪಪ್ಪನ ಬೇಡಿಕೆ. ಅವರು ಒಂದೊಂದು ಅಂಜಲ್ ಮೀನಿನ ಕಿವಿರು ಎತ್ತಿ, ಮೂಸಿ, ಮಾರುವವನಿಗೆ ಅವನದೇ ಮೀನಿನ ವಯಸ್ಸು ಹೇಳುತ್ತಿದ್ದರು. ನಾನು ಮೀನು ಕತ್ತರಿಸುವವನ ಮುಂದೆ ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದೆ.

ಫಾಲ್ಕನ್ ಎಂಬ ಹೆಸರಿನ ಒಬ್ಬ ಹರಾಜಿನಲ್ಲಿ ನನ್ನ ಮೇಲೆ ಬಿದ್ದಿದ್ದ. ನಾನು ಏರಿಸಿದರೆ ಅವನೂ ಏರಿಸುತ್ತಾನೆ. ಕೊನೆಯ ನಿಮಿಷದಲ್ಲಿ ಯಾರಾದರೂ ಏರಿಸಿದರೆ ಇನ್ನೆರಡು ನಿಮಿಷ ಸಿಗುತ್ತದೆ ಎಂಬುದು ಆಟದ ನಿಯಮ. ಹೀಗೆ ಆ ಒಂದು ನಿಮಿಷವೇ ಇಪ್ಪತ್ತು ನಿಮಿಷ ಎಳೆಯಿತು. ಬೆವರು ಕಣ್ಣಿಗಿಳಿಯುತ್ತಿದೆ, ಬೆರಳಿಗೆ ಮೀನಿನ ನೀರು ತಾಗಿ ಫೋನು ಒತ್ತಿದ್ದು ಕೇಳುತ್ತಿಲ್ಲ. ಮೀನಿನವ ಹಿಂದಿಯಲ್ಲಿ ಎಷ್ಟು ತುಂಡು ಮಾಡಲಿ ಎಂದ. ನಾನು ಫಾಲ್ಕನ್‌ನ ಮೇಲಿನ ಸಿಟ್ಟಿನಲ್ಲಿ "ಮೂರು ಸಾವಿರದ ಇನ್ನೂರು" ಎಂದೆ. ಅವನು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದ. ಅಷ್ಟರಲ್ಲಿ ಫಾಲ್ಕನ್ ಸುಮ್ಮನಾದ. ಮೂರು, ಎರಡು, ಒಂದು, ಕೋವಿ ನನ್ನದು. ಅಲ್ಲೇ ಒದ್ದೆ ನೆಲದ ಮೇಲೆ ಒಂದು ಸಣ್ಣ ಕುಣಿತವೂ ಆಯಿತು. ಖುಷಿಗೆ ಎರಡು ಕಿಲೋ ಸೀಗಡಿ ಹೆಚ್ಚಿಗೆ ಕೊಂಡೆ. ಪಪ್ಪ ಚೀಲ ನೋಡಿ "ಇವತ್ತು ಯಾರ ಹಬ್ಬ?" ಎಂದರು. ನಾನು ಮಾತಾಡಲಿಲ್ಲ. ತಿರುವಲಿಕ್ಕೆ ನನಗೆ ಮೀಸೆ ಇಲ್ಲ ಅಷ್ಟೆ.

ಮಾರಿದವನ ಪತ್ರಗಳು ಬಹಳ ವಿನಯದವು. ಈ ದೇಶದಲ್ಲಿ ಪರ್ಮಿಟ್ ಇಲ್ಲದೆ ಕೋವಿ ಇಡುವ ಹಾಗಿಲ್ಲ ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ನಾನೇ ಕೇಳಿದೆ. ನಳಿಗೆ ಮುಚ್ಚಿದ ಪ್ರದರ್ಶನದ ಕೋವಿ ಇದು, ಕಾಗದಪತ್ರ ನಾವೇ ಮಾಡಿಸುತ್ತೇವೆ ಎಂದ, ಅದಕ್ಕೊಂದು ಶುಲ್ಕ ಕೇಳಿದ. ಕೊಟ್ಟೆ. ಪ್ಯಾಕಿಂಗಿಗೆ ಇನ್ನೊಂದು ಕೇಳಿದ, ಅದನ್ನೂ ಕೊಟ್ಟೆ. ಐವನ್ "ಇದು ಯಾಕೋ ಸರಿ ಕಾಣ್ತಿಲ್ಲ" ಎಂದದ್ದಕ್ಕೆ, ನಿನಗೆ ಕೋವಿಯ ವಿಷಯ ಏನು ಗೊತ್ತು ಎಂದು ಬಾಯಿ ಮುಚ್ಚಿಸಿ, ನಾತೂರ್‌ನನ್ನು ಕರೆದು ಕೊಕ್ಕೆ ಹಾಕಿಸಿದೆ.

ಮುಂದಿನ ಶನಿವಾರ ಪಪ್ಪನ ಹುಟ್ಟಿದ ದಿನ. ಕೋವಿ ಬರಲಿಲ್ಲ. ಬಂದರಿನಲ್ಲಿ ಇರಿಸಿದ್ದಕ್ಕೆ ಬಾಡಿಗೆ ಕೊಡಿ ಎಂಬ ಮೂರನೇ ಪತ್ರ ಬಂತು. ಮಧ್ಯಾಹ್ನ ಇಡ್ಲಿಯಂಥ ಸಾನ್ನಾ, ಕೋಳಿ ಸಾರು, ಕೇಕು ಎಲ್ಲ ಆದ ಮೇಲೆ ನನಗೆ ತಡೆಯಲಾಗಲಿಲ್ಲ. ಗೋಡೆಯ ಕೊಕ್ಕೆ ತೋರಿಸಿ, "ಪಪ್ಪ, ನಿಮ್ಮ ಗಿಫ್ಟ್ ದಾರಿಯಲ್ಲಿದೆ. ಈಗ ಫೋಟೋ ನೋಡಿ" ಎಂದು ಫೋನು ಕೈಗಿಟ್ಟೆ.

ಪಪ್ಪ ಕನ್ನಡಕ ಹಾಕಿದರು. ಶರಲ್ ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ಕೊಟ್ಟಳು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಕಣ್ಣೀರು ಬಂದರೆ ಒರೆಸಲಿಕ್ಕೆ ಟಿಶ್ಯೂ ಕೂಡ ತಯಾರಿತ್ತು.

"ಇದು ಪಾಸ್ಕಲ್‌ನ ಕೋವಿ ಅಲ್ವಾ?" ಎಂದರು ಪಪ್ಪ.

ಪಾಸ್ಕಲ್ ಅಂಕಲ್ ಊರಲ್ಲಿ ನಮ್ಮ ನೆರೆಮನೆಯವರು. "ಹಿಡಿ ಒಡೆದಾಗ ತಾಮ್ರದ ತಂತಿ ಸುತ್ತಿ ಕೊಟ್ಟದ್ದು ನಾನೇ. ಇಲ್ಲಿ ನೋಡು" ಎಂದು ಬೆರಳಿಟ್ಟರು. "ಮತ್ತೆ ಇದು ಮಾರಲಿಕ್ಕೆ ಇಟ್ಟ ಕೋವಿಯೇ ಅಲ್ಲ ಮಗಾ. ಚೀಟಿ ಉಂಟಲ್ಲ. ಚೀಟಿ ಇರುವಷ್ಟು ದಿನ ಅದು ಠಾಣೆಯ ಒಳಗಿರ್ತದೆ, ಯಜಮಾನನೇ ಮುಟ್ಟುವ ಹಾಗಿಲ್ಲ. ಹೊರಗೆ ಬಂದ ಕೋವಿಗೆ ಚೀಟಿ ಎಲ್ಲಿಂದ ಬರ್ಬೇಕು?"

ಯಾವುದನ್ನು ನೋಡಿ ನಂಬಿದೆನೋ ಅದೇ ಚೀಟಿ ಈ ವ್ಯಾಪಾರ ಸುಳ್ಳೆಂದು ಹೇಳುತ್ತಿತ್ತು, ಅದೂ ಕನ್ನಡದಲ್ಲಿ. ಚಿಕ್ಕವಳಿದ್ದಾಗ ಆ ಚೀಟಿ ಬೇಡಿ ಇಲ್ಲವೆನ್ನಿಸಿಕೊಂಡವಳಿಗೇ ಅದು ಓದಲಿಕ್ಕೆ ಬರಲಿಲ್ಲ.

ಶರಲ್ ಪಾಸ್ಕಲ್ ಅಂಕಲ್‌ಗೆ ವಿಡಿಯೊ ಕಾಲ್ ಹಚ್ಚಿದಳು. ಅವರು ಅಟ್ಟದಿಂದ ಕೋವಿ ಇಳಿಸಿ, ಜೇಡರ ಬಲೆ ಒರೆಸಿ ಕ್ಯಾಮೆರಾಕ್ಕೆ ಹಿಡಿದರು. "ಹೋದ ಎಲೆಕ್ಷನ್‌ಗೆ ಪೇಪರ್‌ನವ ಬಂದು ಠಾಣೆಯಲ್ಲಿ ಫೋಟೋ ತೆಗ್ದಿದ್ದ. ಪಕ್ಕದಲ್ಲಿ ನಾನೂ ನಿಂತಿದ್ದೆ ಮಾರಾಯ್ರೆ, ಆ ಫೋಟೋ ಕದ್ದ ಕಳ್ಳ ನನ್ನನ್ನು ಕತ್ತರಿಸಿ ಕೋವಿ ಮಾತ್ರ ಹಾಕಿದ್ದಾನೆ." ಆಮೇಲೆ ನಾನು ಎಷ್ಟು ಕೊಟ್ಟೆ ಎಂದು ಕೇಳಿದರು. ಹೇಳಿದೆ. ಅವರು ಕೈಯಲ್ಲಿದ್ದ ಕೋವಿಯನ್ನು ಒಮ್ಮೆ ತಿರುಗಿಸಿ ನೋಡಿದರು. "ಅಷ್ಟು ಸಿಗ್ತದಾದ್ರೆ ನನಗೆ ಒಂದು ಮಾತು ಹೇಳ್ಬಹುದಿತ್ತು" ಎಂದರು.

"ಮಮ್ಮಿ, ಯು ಗಾಟ್ ಸ್ಕ್ಯಾಮ್ಡ್" ಎಂದಳು ಶರಲ್, ಹವಾಮಾನ ವರದಿ ಓದುವವಳ ಹಾಗೆ. ಫಾಲ್ಕನ್ ಮತ್ತು ಮಾರಿದವನು ಒಬ್ಬನೇ ಇರಬೇಕು, ಬೆಲೆ ಏರಿಸಲಿಕ್ಕೆ ಬೇರೆ ಹೆಸರಲ್ಲಿ ಬಂದದ್ದು ಎಂದು ಐವನ್ ಬಿಡಿಸಿ ಹೇಳಿದ. ಅಂದರೆ ಆ ಇಪ್ಪತ್ತು ನಿಮಿಷ ಮೀನು ಮಾರುಕಟ್ಟೆಯಲ್ಲಿ ನಾನು ಹೋರಾಡಿದ್ದು ನನ್ನ ಜೊತೆಗೇ. ಅಳು ಬಂತು. ತಯಾರಿಟ್ಟ ಟಿಶ್ಯೂ ನನಗೇ ಆಯಿತು.

ಆದರೆ ಪಪ್ಪನನ್ನು ನೀವು ನೋಡಬೇಕಿತ್ತು. ವಾರಗಟ್ಟಲೆ ಕುರ್ಚಿಗಂಟಿದ್ದ ಮನುಷ್ಯ ಎದ್ದು ಬಿಳಿ ಅಂಗಿ ಹಾಕಿಕೊಳ್ಳುತ್ತಿದ್ದಾರೆ. "ನಡಿ, ಠಾಣೆಗೆ." ಈಗ ಎಲ್ಲ ಫೋನಿನಲ್ಲೇ ದೂರು ಕೊಡಬಹುದು ಎಂದೆ. "ಠಾಣೆಯ ಮೆಟ್ಟಿಲು ಹತ್ತದ ಕಂಪ್ಲೇಂಟ್ ಎಂತ ಕಂಪ್ಲೇಂಟ್?" ಎಂದು ಶೂಗೆ ಲೇಸು ಕಟ್ಟಿದರು.

ಠಾಣೆಯಲ್ಲಿ ನಮಗೆ ಸಿಕ್ಕಿದ್ದು ಒಬ್ಬ ಯುವ ಅಧಿಕಾರಿ. ಹಿಂದಿ ಚೆನ್ನಾಗಿ ಬರುತ್ತಿತ್ತು. ನನ್ನ ಕಥೆಯನ್ನೆಲ್ಲ ಟೈಪ್ ಮಾಡಿಕೊಂಡು, ಕೊನೆಗೆ ಗಂಭೀರವಾಗಿ, "ಸಿಸ್ಟರ್, ಕೋವಿ ಬಾರದ್ದು ನಿಮ್ಮ ಅದೃಷ್ಟ. ಪರ್ಮಿಟ್ ಇಲ್ಲದೆ ಬಂದಿದ್ದರೆ ನೀವು ಈಗ ಬೇರೆ ಕುರ್ಚಿಯಲ್ಲಿ ಕೂತಿರುತ್ತಿದ್ದಿರಿ" ಎಂದ. ನಾನು ನನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಪಪ್ಪ ಮಾತ್ರ ಫೋಟೋದಲ್ಲಿನ ಕೋವಿಯ ಮದ್ದು, ಗಜ, ಕೇಪು ಎಲ್ಲವನ್ನೂ ಕೈಸನ್ನೆಯಲ್ಲಿ ಅವನಿಗೆ ವಿವರಿಸತೊಡಗಿದರು. ಹುಡುಗನ ಕಣ್ಣು ಅರಳಿತು. ಅವನ ಅಜ್ಜನದೂ ಒಂದು ಹಳೆ ರೈಫಲ್ ಇದೆಯಂತೆ, ಅತಿಥಿಗಳು ಕೂರುವ ಮಜ್ಲಿಸ್‌ನ ಗೋಡೆಯ ಮೇಲೆ. ಮದುವೆಯೊಂದರ ವಿಡಿಯೊ ತೋರಿಸಿದ. ಕಂದೂರ ಎನ್ನುವ ಬಿಳಿ ನಿಲುವಂಗಿಯ ಹುಡುಗರು ರೈಫಲನ್ನು ಗಿರ್ರನೆ ತಿರುಗಿಸಿ ಮೇಲಕ್ಕೆಸೆದು ಹಿಡಿಯುತ್ತಿದ್ದಾರೆ. ಪಪ್ಪ ಉಸಿರು ಬಿಗಿಹಿಡಿದು ನೋಡಿ, "ಇವನಿಗೆ ಲೈಸೆನ್ಸ್ ಉಂಟಾ ಕೇಳು" ಎಂದರು. ನಾನು ಅದನ್ನು ಹಿಂದಿಯಲ್ಲಿ ಕೇಳಿದೆ. ಅವನು ನಕ್ಕು ನಕ್ಕು ಟೋಪಿ ತೆಗೆದಿಟ್ಟ.

"ನಿಮ್ಮ ಕೋವಿ ಎಲ್ಲಿ ಬಾಬಾ? ಪೊಲೀಸರು ತಗೊಂಡರಾ?" ಎಂದು ಅವನು ಕೇಳಿದ.

"ಇಲ್ಲ ಇಲ್ಲ" ಎಂದರು ಪಪ್ಪ ತಮ್ಮ ಮುರುಕು ಹಿಂದಿಯಲ್ಲಿ. "ಅವರೆಲ್ಲ ಒಳ್ಳೆಯವರು. ನಾನೇ ಕೊಟ್ಟೆ."

ದುಡ್ಡು ಬರುವ ಭರವಸೆ ಇಟ್ಟುಕೊಳ್ಳಬೇಡಿ, ಪ್ರಯತ್ನಿಸುತ್ತೇವೆ ಎಂದು ಅಧಿಕಾರಿ ಹೇಳಿದ್ದು ನನ್ನ ತಲೆಗೆ ಹೋಗಲೇ ಇಲ್ಲ. ಹೊರಗೆ ಬಂದು ಎದುರಿನ ಕೆಫೆಟೇರಿಯಾದಲ್ಲಿ ಎರಡು ಕರಕ್ ಚಾಯ್ ಹೇಳಿದೆ.

"ಪಪ್ಪ, ಕೋವಿ ನೀವು ಕೊಟ್ಟದ್ದಾ? ಲೈಸೆನ್ಸ್ ಮುಗಿದು ಹೋದದ್ದಲ್ವಾ?"

"ಮುಗಿದಿತ್ತು. ದಂಡ ಕಟ್ಟಿ ಅರ್ಜಿ ಹಾಕಿ, ಕೊಡಿಸ್ತೇವೆ ಅಂತ ಅವರು ಹೇಳಿದ್ರು. ಅರ್ಜಿ ಬರ್ದೂ ಆಗಿತ್ತು." ಪಪ್ಪ ಚಾಯ್ ಊದಿದರು. "ಆಮೇಲೆ ಆಲೋಚನೆ ಮಾಡಿದೆ. ಒಮ್ಮೆ ಎಂಪಿದು, ಒಮ್ಮೆ ಎಮ್ಮೆಲ್ಲೆದು, ಒಮ್ಮೆ ಪಂಚಾಯತ್‌ದು. ಪ್ರತಿ ಸಲ ನಾನೇ ಹೋಗಿ ಇಡ್ಬೇಕು, ನಾನೇ ಬಿಡಿಸ್ಬೇಕು. ಆ ಹೊತ್ತಿಗೆ ಸರಿಯಾಗಿ ನೀನು ಕರೆದ್ರೆ ನಾನು ಹೇಗೆ ಬರುದು? ಅಮ್ಮ ಇಲ್ಲದ ಹುಡುಗಿ ನೀನು. ಅರ್ಜಿ ಹರಿದು ಹಾಕಿ, ಕೋವಿ ಬೇಡ ಅಂತ ರುಜು ಹಾಕಿ ಬಂದೆ."

ನಾನು ಕರೆದರೆ ತಕ್ಷಣ ಹೊರಡಬೇಕೆಂದು ಅವರು ಕೋವಿ ಬಿಟ್ಟರು. ಅವರ ಕೋವಿ ಹೋಯಿತಲ್ಲ ಎಂದು ನಾನು ಕರೆಯುವುದನ್ನೇ ಬಿಟ್ಟೆ. ಮಗ ಹುಟ್ಟಿದ ಸುದ್ದಿಯನ್ನು ನಾನು ಫೋನಿನಲ್ಲಿ ಹೇಳಿದಾಗ ಅವರು, "ಒಳ್ಳೆದಾಯ್ತು, ಹುಷಾರು" ಎಂದು ಇಟ್ಟುಬಿಟ್ಟಿದ್ದರು. ಆ ಇಡೀ ವರ್ಷ ಅವರು ನನ್ನ ಕರೆಗೆ ಕಾಯುತ್ತಿದ್ದರು ಎಂದು ನನಗೆ ಹೇಗೆ ಗೊತ್ತಾಗಬೇಕು.

"ಮತ್ತೆ?" ಎಂದೆ.

"ಮತ್ತೆಂತ? ಪಾಸ್‌ಪೋರ್ಟ್ ಮುಗಿದಾಗ ರಿನ್ಯೂ ಮಾಡಿಸಿದೆ. ಅದಾದರೂ ಇರ್ಲಿ ಅಂತ."

ರಸ್ತೆಯಲ್ಲಿ ಡೆಲಿವರಿ ಬೈಕೊಂದು ಹೋಯಿತು. ನಾನು ಗ್ಲಾಸು ಕೆಳಗಿಟ್ಟೆ. ಹನ್ನೆರಡು ವರ್ಷದಲ್ಲಿ ಆಡದ ಮಾತನ್ನು ಆಡಲಿಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಪಪ್ಪ, ಊರಿಗೆ ಹೋಗಬೇಡಿ. ಇಲ್ಲೇ ನನ್ನ ಹತ್ತಿರ ಇರಿ. ನನಗೆ ನೀವು ಬೇಕು."

ಅವರು ಮೀಸೆಗಂಟಿದ ಚಾಯ್ ಒರೆಸಿಕೊಂಡರು.

"ಇಷ್ಟು ಹೇಳ್ಲಿಕ್ಕೆ ನಿನಗೆ ಕೋವಿ ಬೇಕಿತ್ತಾ ಮಗಾ?" ಎಂದರು. "ಇನ್ನೊಂದು ಚಾಯ್ ಹೇಳು."